ಬ್ಯಾರೆ ತಾಟು

ಜೀಪಿನಿಂದ ಇಳಿದ ಆ ಹುಡುಗಿ ಮೊದಲು ಮಾಡಿದ ಕೆಲಸವೆಂದರೆ ನನ್ನ ಮೇಲೆ ಉಗುಳಿದ್ದು. ಕೈಹಿಡಿದು ಇಳಿಸಿಕೊಳ್ಳೋಣವೆಂದು ಮುಂದೆ ಹೋಗಿದ್ದೆ. ಉಗುಳು ನೇರವಾಗಿ ಸೆರಗಿಗೆ ಬಿತ್ತು. ನಾನೇನು ಸಹನೆಯ ಮೂರ್ತಿಯಲ್ಲ. ನನ್ನ ಬಾಯಿಗೆ ಹೆದರಿಯೇ ಎಷ್ಟೋ ನೆಂಟರು ಹುನಗುಂದದ ನಮ್ಮ ಮನೆಗೆ ಬರುವುದನ್ನು ಬಿಟ್ಟಿದ್ದರು. ಕೈ ಎತ್ತಿಯೇ ಬಿಟ್ಟೆ. ಆದರೆ ಅವಳ ಹಿಂದೆ, ಅವಳ ಲಂಗದ ಚುಂಗು ಹಿಡಿದುಕೊಂಡು, ಇನ್ನೂ ಆರು ಮಕ್ಕಳು ಇಳಿದವು. ಎಲ್ಲವೂ ನನ್ನ ಎತ್ತಿದ ಕೈಯನ್ನೇ ನೋಡುತ್ತಿದ್ದವು. ಕೈ ಇಳಿಸಿ, ಸೆರಗು ಒರೆಸಿಕೊಂಡು, “ಬರ್ರಿ ಒಳಗ, ಬಿಸಲಾಗ ನಿಂದರಬ್ಯಾಡ್ರಿ” ಎಂದೆ. ಯಾರೂ ಅಲುಗಲಿಲ್ಲ. ಹುಡುಗಿ “ನಡೀರಿ” ಎಂದಾಗ ಮಾತ್ರ ಎಲ್ಲ ಒಟ್ಟಿಗೆ ನಡೆದವು.

ಎಂಬತ್ತರ ದಶಕದ ನಡುವಿನ ಮಾತಿದು. ಬಾಗಲಕೋಟೆಯ ಹಳೇ ಊರಿನಲ್ಲಿ, ಈಗ ಹಿನ್ನೀರು ನಿಂತಿರುವ ಓಣಿಯೊಂದರಲ್ಲಿ, ಸರಕಾರದವರು ಒಬ್ಬ ಸಾಹುಕಾರರ ಕಲ್ಲುಮನೆಯನ್ನು ಬಾಡಿಗೆಗೆ ಹಿಡಿದು ದಿಕ್ಕಿಲ್ಲದ ಮಕ್ಕಳಿಗಾಗಿ ಒಂದು ಗೃಹ ನಡೆಸುತ್ತಿದ್ದರು. ನಾನಲ್ಲಿ ಮೇಲ್ವಿಚಾರಕಿ. ಹೆಸರಿಗೆ ದೊಡ್ಡ ಹುದ್ದೆ. ಹೇನು ತೆಗೆಯುವುದು, ಜಗಳ ಬಿಡಿಸುವುದು, ಅಡುಗೆಯವಳು ಬಾರದ ದಿನ ರೊಟ್ಟಿ ಬಡಿಯುವುದು ಎಲ್ಲ ನನ್ನದೇ. ನನ್ನ ಮೇಲೆ ಒಬ್ಬ ಅಧಿಕಾರಿ ಮ್ಯಾಡಮ್ ಇದ್ದರು. ಮೈಸೂರು ಕಡೆಯವರು, ಚಿಕ್ಕ ವಯಸ್ಸು, ಮನಸ್ಸು ಒಳ್ಳೆಯದು. ಮಾತು ಮಾತ್ರ ರೇಡಿಯೋದಲ್ಲಿ ವಾರ್ತೆ ಓದಿದಂತೆ. ಅವರು “ಮಕ್ಕಳೇ, ಇಲ್ಲಿ ನಿಮಗೆ ಯಾವ ಭಯವೂ ಇಲ್ಲ” ಎಂದರೆ ನಮ್ಮ ಕಡೆಯ ಮಕ್ಕಳು ಇನ್ನಷ್ಟು ಹೆದರುತ್ತಿದ್ದವು.

ಈ ಏಳೂ ಮಕ್ಕಳು ಬಂದದ್ದು ‘ಅಜ್ಜಾರ ವಸ್ತಿ’ಯಿಂದ. ಗುಡೂರಿನಿಂದಾಚೆ, ಎರೆಹೊಲಗಳ ನಡುವೆ, ಕೆಲವು ಮನೆಗಳ ಒಂದು ಗುಂಪು. ಎಲ್ಲಿಂದಲೋ ಬಂದ ಒಬ್ಬ ಗುರು ಅಲ್ಲಿ ನೆಲೆ ನಿಂತಿದ್ದ. ನಮ್ಮ ಭಾಗದ ಯಾವ ಮಠಕ್ಕೂ ಸೇರಿದವನಲ್ಲ, ಯಾವ ದೇವರಿಗೂ ನಡೆದುಕೊಂಡವನಲ್ಲ. ಅವನ ಮಾತೇ ಅಲ್ಲಿ ಶಾಸ್ತ್ರ. ಊರೂರಿನಿಂದ ಬಂದವರು ಹೊಲ ಮನೆ ಮಾರಿ ಅವನ ಕಾಲ ಬಳಿ ಹಾಕಿ ಅಲ್ಲೇ ಉಳಿದಿದ್ದರು. ಒಬ್ಬ ಗಂಡಸಿಗೆ ಎಷ್ಟು ಹೆಂಡಿರು ಇರಬೇಕೆಂದು ಅಜ್ಜನೇ ಹೇಳುತ್ತಿದ್ದ, ಯಾರು ಯಾರಿಗೆ ಎನ್ನುವುದನ್ನೂ ಅವನೇ ಹೇಳುತ್ತಿದ್ದ. ಒಂದು ಮನೆಯ ಮಕ್ಕಳು ಆ ಮನೆಯ ಎಲ್ಲ ಹೆಂಗಸರನ್ನೂ ಅವ್ವ ಎನ್ನಬೇಕು. ಸಾಲಿ ಇಲ್ಲ, ದವಾಖಾನಿ ಇಲ್ಲ; ಸೂಜಿ ಹಾಕಲು ಬಂದ ಗುಡೂರಿನ ನರ್ಸನ್ನೂ ಹೊರಗಿನಿಂದಲೇ ಕಳಿಸುತ್ತಿದ್ದರು. ಬಸವಣ್ಣನವರ ಮಾತು ಕೇಳಿ ಬೆಳೆದ ಸುತ್ತಲಿನ ಊರವರು ಬೈದರು, ನಕ್ಕರು, ಸಂತೆಯಲ್ಲಿ ಮೆಣಸಿನಕಾಯಿಯನ್ನು ಮಾತ್ರ ವಸ್ತಿಯವರ ಹತ್ತಿರವೇ ಕೊಂಡರು. ಏಕೆಂದರೆ ಅದು ಚೆನ್ನಾಗಿರುತ್ತಿತ್ತು.

ಹೀಗೆಯೇ ನಡೆದುಕೊಂಡು ಹೋಗುತ್ತಿತ್ತು. ಅಷ್ಟರಲ್ಲಿ ಯಾರೋ ಒಂದು ಸುದ್ದಿ ಹೊರಗೆ ಹಾಕಿದರು: ಮೂವರು ಹೆಂಡಿರಿರುವ ಒಬ್ಬ ಭಕ್ತನ ಮನೆಯ ಹಿರಿಯ ಹುಡುಗಿಯನ್ನು ಬರುವ ಹುಣ್ಣಿಮೆಗೆ ಅಜ್ಜನಿಗೇ ಕೊಡುತ್ತಾರೆ. ಅಜ್ಜನಿಗೆ ಅರವತ್ತು ದಾಟಿತ್ತು. ತಹಶೀಲ್ದಾರರು, ಪೋಲೀಸರು, ನಮ್ಮ ಮ್ಯಾಡಮ್ ಸೇರಿ ಹೋದರು. ಹುಡುಗಿಗೆ ಹದಿನೆಂಟು ತುಂಬಿದೆ ಎಂದು ಅಪ್ಪ ಹೇಳಿದ. ಇಲ್ಲವೆನ್ನಲು ಸಾಲಿಯ ದಾಖಲೆ ಇಲ್ಲ, ಹುಟ್ಟಿದ ದಾಖಲೆ ಇಲ್ಲ. ಮ್ಯಾಜಿಸ್ಟ್ರೇಟರು, ವಿಚಾರಣೆ ಮುಗಿಯುವವರೆಗೆ ಆ ಮನೆಯ ಮಕ್ಕಳೆಲ್ಲ ಸರಕಾರದ ಗೃಹದಲ್ಲಿರಲಿ ಎಂದರು. ವಿಚಾರಣೆ ಹುಣ್ಣಿಮೆಗಿಂತ ಸ್ವಲ್ಪ ಮೊದಲು. ಅಂದು ಮಕ್ಕಳನ್ನು ತಿರುಗಿ ಕಳಿಸಿದರೆ ಹುಡುಗಿಯ ಮದುವೆ ನಡೆದಂತೆಯೇ ಎಂದು ನಮಗೆಲ್ಲ ಗೊತ್ತಿತ್ತು.

ಬಂದ ದಿನವೇ ತೊಂದರೆ ಶುರುವಾಯಿತು. ಇಲಾಖೆಯಿಂದ ಹೊಸ ಸ್ಟೀಲಿನ ತಾಟುಗಳು ಆಗಷ್ಟೇ ಬಂದಿದ್ದವು. ಮ್ಯಾಡಮ್‌ಗೆ ಅದೊಂದು ಹೆಮ್ಮೆ. ಪ್ರತಿ ಮಗುವಿಗೂ ಸ್ವಂತದ ತಾಟು, ಸ್ವಂತದ ಲೋಟ. ಬಿಸಿ ರೊಟ್ಟಿ, ಜುಣಕ, ಮೊಸರು ಬಡಿಸಿ ಏಳು ತಾಟುಗಳನ್ನು ಸಾಲಾಗಿ ಇಟ್ಟೆವು. ಮಕ್ಕಳು ತಾಟು ನೋಡಿದವು, ಹುಡುಗಿಯ ಮುಖ ನೋಡಿದವು. ಹುಡುಗಿಯ ಮುಖ ಬಿಳಿಚಿಕೊಂಡಿತು. ತನ್ನ ಮುಂದಿನ ತಾಟನ್ನು ಕಾಲಿನಿಂದ ದೂರ ಸರಿಸಿ ಗೋಡೆಗೆ ಮುಖ ಮಾಡಿ ಕುಳಿತಳು. ಉಳಿದ ಆರೂ ಹಾಗೆಯೇ ತಿರುಗಿ ಕುಳಿತವು.

“ಉಣ್ಣೋ ಅನ್ನಕ್ಕ ಕಾಲ ಹಚ್ಚತಿಯೇನ ನೀ?” ಎಂದು ನಾನು ಕೂಗಾಡಿದೆ. ಸಂಜೆಯೂ ಅಷ್ಟೇ. ಮರುದಿನ ಬೆಳಿಗ್ಗೆಯೂ ಅಷ್ಟೇ. ನೀರು ಕುಡಿಯುತ್ತಿದ್ದವು, ಬೇರೇನೂ ಇಲ್ಲ. ಮ್ಯಾಡಮ್ ಅಮೀನಗಡದ ಕರದಂಟು ತರಿಸಿದರು. ಸಣ್ಣ ಮಕ್ಕಳ ಕಣ್ಣು ಕರದಂಟಿನ ಮೇಲೆ, ಕೈ ಮಾತ್ರ ಬೆನ್ನ ಹಿಂದೆ. ನಮ್ಮ ಗೃಹದ ಬೇರೆ ಹುಡುಗಿಯರು ಅವರೆದುರಿಗೇ ಚಪ್ಪರಿಸಿ ತಿಂದರೂ ಪ್ರಯೋಜನವಾಗಲಿಲ್ಲ.

ಅಷ್ಟರಲ್ಲಿ ವಸ್ತಿಯ ಗಂಡಸರು ನಮ್ಮ ಎದುರಿನ ಬೇವಿನ ಮರದ ಕೆಳಗೆ ಬಂದು ಕುಳಿತು ತಾಳ ಹಿಡಿದು ಭಜನೆ ಶುರುಮಾಡಿದ್ದರು. ಬೆಳಗಿನಿಂದ ಸಂಜೆಯವರೆಗೆ ಒಂದೇ ಹಾಡು. ಮಕ್ಕಳು ಉಪವಾಸವಿವೆ ಎಂಬ ಸುದ್ದಿ ಹೇಗೋ ಅವರಿಗೆ ಹೋಯಿತು. ಅವರ ವಕೀಲ ಬಂದು ಬಾಗಿಲಲ್ಲೇ ನಿಂತು, “ಸರಕಾರದಾವ್ರು ಮಕ್ಕಳನ್ನ ಕಾಪಾಡಾಕ ತಂದಾರೋ, ಕೊಲ್ಲಾಕ ತಂದಾರೋ? ಕೋರ್ಟಿಗೆ ಇದನ್ನ ಹೇಳ್ತೇವಿ” ಎಂದ. ಡಾಕ್ಟರು ಬಂದು ನಾಡಿ ಹಿಡಿದು, ಇನ್ನೊಂದು ದಿನ ಹೀಗೇ ಆದರೆ ಸಣ್ಣವರನ್ನು ದವಾಖಾನೆಗೆ ಒಯ್ಯಬೇಕಾಗುತ್ತದೆ, ಆಗ ತಾವೇ ಕೋರ್ಟಿಗೆ ವರದಿ ಕೊಡಬೇಕಾಗುತ್ತದೆ ಎಂದರು. ಮ್ಯಾಡಮ್ ತಮ್ಮ ಕೋಣೆಗೆ ಹೋಗಿ ಅತ್ತರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ನಿನ್ನನ್ನು ಉಳಿಸಲು ನಾವು ಒದ್ದಾಡುತ್ತಿದ್ದೇವೆ, ನೀನೇ ನಮ್ಮ ಕುತ್ತಿಗೆ ಹಿಡಿದಿದ್ದೀಯಲ್ಲೇ ಎಂದು ಆ ಹುಡುಗಿಯನ್ನು ಹಿಡಿದು ಅಲುಗಾಡಿಸಬೇಕೆನ್ನಿಸಿತು.

ಆ ಮಧ್ಯಾಹ್ನವೇ ಮಕ್ಕಳ ಅಪ್ಪನ ಮೊದಲ ಹೆಂಡತಿ ಬಂದಳು. ಮಕ್ಕಳು ಅವಳನ್ನು ‘ಹಿರೇವ್ವ’ ಎನ್ನುತ್ತಿದ್ದವು. ಎತ್ತರದ ಹೆಂಗಸು, ಹಣೆತುಂಬ ಕುಂಕುಮ, ಯಾರಿಗೂ ತಲೆ ಬಾಗಿಸಿ ಗೊತ್ತಿಲ್ಲದ ನಿಲುವು. ಒಳಗೆ ಬಿಡಲು ಅಪ್ಪಣೆ ಇರಲಿಲ್ಲ. ಗೇಟಿನ ಸರಳುಗಳ ಆಚೆ ನಿಂತು ಹುಡುಗಿಯನ್ನು ಕರೆದಳು.

“ನಿನಗ ಎಷ್ಟ ವಯಸ್ಸು?”

“ಹದಿನೆಂಟು.”

“ಯಾರ ಕೇಳಿದ್ರೂ?”

“ಹದಿನೆಂಟು.”

ಮಗ್ಗಿ ಒಪ್ಪಿಸಿದ ಹಾಗೆ. ನಾನು ಹುಡುಗಿಯ ಕಡ್ಡಿಯಂಥ ಮಣಿಕಟ್ಟು ನೋಡಿದೆ, ಬೆಳೆದಂತೆ ಬಿಚ್ಚಲೆಂದು ಮಡಿಚಿ ಹೊಲಿದ ಲಂಗ ನೋಡಿದೆ. “ಇಕೀನ ಹಡದಾಕಿ ಎಲ್ಲಿ? ಅಕೀ ಯಾಕ ಬಂದಿಲ್ಲ?” ಎಂದು ಹಿರೇವ್ವನನ್ನು ಕೇಳಿದೆ. “ನಾವೆಲ್ಲಾರೂ ಅವ್ವಗೋಳ” ಎಂದಳು. “ಅದನ್ನಲ್ಲ ನಾ ಕೇಳಿದ್ದು” ಎಂದೆ. ಆಗ, “ನಡುವಿನಾಕೀ ಮೈಯಾಗ ಆರಾಮಿಲ್ಲ” ಎಂದು ಹೇಳಿ, ನನ್ನ ಕಡೆ ನೋಡದೆ ಹೊರಟುಹೋದಳು.

ಸಂಜೆಗೆ ಮುಂಚೆ ನಾನು ಅಂಗಳದಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದೆ. ಏಳರಲ್ಲಿ ಎಲ್ಲಕ್ಕಿಂತ ಸಣ್ಣದು, ನಾಲ್ಕರ ಆಸುಪಾಸಿನ ಹೆಣ್ಣುಕೂಸು, ಅಕ್ಕನ ಕಣ್ಣು ತಪ್ಪಿಸಿ ಬಂದು ನನ್ನೆದುರು ನಿಂತಿತು. ಕೈಯಲ್ಲಿ ತನ್ನ ಸ್ಟೀಲಿನ ತಾಟು. ಅದನ್ನು ನನ್ನ ಮಡಿಲಿಗೆ ಇಟ್ಟು ಕೇಳಿತು:

“ನಾ ಏನ ತಪ್ಪ ಮಾಡೀನಿ?”

“ಏನೂ ಮಾಡಿಲ್ಲವಾ ನೀ. ಯಾಕ ಹಂಗಂತಿ?”

“ಮತ್ತ ಬ್ಯಾರೆ ತಾಟು ಯಾಕ ಹಾಕೀರಿ?”

ಅವರೆಕಾಯಿ ಬದಿಗಿಟ್ಟೆ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದೊಂದೇ ಮಾತು ಹೊರಡಿಸಿದೆ. ವಸ್ತಿಯಲ್ಲಿ ಒಂದು ಮನೆಯ ಹೆಂಗಸರು ಮಕ್ಕಳೆಲ್ಲ ಒಂದೇ ಪರಾತದಲ್ಲಿ ಉಣ್ಣಬೇಕು. ಹಿಟ್ಟು ನಾದುತ್ತೇವಲ್ಲ, ಅಂಥ ಹಿತ್ತಾಳೆಯ ಅಗಲದ ಪರಾತ. ಸುತ್ತ ಕುಳಿತು ಎಲ್ಲರೂ ಅದಕ್ಕೇ ಕೈ ಹಾಕುವುದು. ತಪ್ಪು ಮಾಡಿದವರಿಗೆ ಮಾತ್ರ ಬೇರೆ ತಾಟು. ಅವರು ಪಡಸಾಲೆಯ ಮೂಲೆಯಲ್ಲಿ ಒಬ್ಬರೇ ಕುಳಿತು ಉಣ್ಣಬೇಕು, ಅವರ ಜೊತೆ ಯಾರೂ ಮಾತಾಡುವಂತಿಲ್ಲ. ಬೇರೆ ತಾಟಿನಲ್ಲಿ ಒಂದು ತುತ್ತು ಉಂಡರೂ ತಪ್ಪು ಒಪ್ಪಿಕೊಂಡ ಹಾಗೆ. ತಪ್ಪು ಮಾಡಿಲ್ಲದವರು ಉಣ್ಣದೆ ಕೂರಬೇಕು, ಹಿರಿಯರಿಗೆ ನಂಬಿಕೆ ಬರುವವರೆಗೆ.

ನಾವು ಪ್ರೀತಿಯಿಂದ ಬಡಿಸಿದ್ದೆವು. ಆ ಏಳು ಕೂಸುಗಳಿಗೆ ಅದು ಬಹಿಷ್ಕಾರವಾಗಿ ಕಂಡಿತ್ತು. ಮೊದಲ ಬಾರಿ ಆ ಹುಡುಗಿಯ ಮೇಲೆ ನನಗೆ ಗೌರವ ಹುಟ್ಟಿತು. ಹಸಿದ ತಂಗಿ ತಮ್ಮಂದಿರನ್ನು ಕಟ್ಟಿಕೊಂಡು, ನಾವು ತಪ್ಪು ಮಾಡಿಲ್ಲ ಎಂದು ಸರಕಾರದ ಎದುರು ಹಟ ಹಿಡಿದು ಕುಳಿತಿದ್ದಳು.

ಅಡುಗೆಮನೆಗೆ ನುಗ್ಗಿ, ಹಿಟ್ಟಿನ ಪರಾತ ತೊಳೆದು, ಎಲ್ಲ ರೊಟ್ಟಿಗಳನ್ನು ಅದರಲ್ಲಿ ಮುರಿದು ಹಾಕಿ, ಮೇಲೆ ಬ್ಯಾಳಿ ಸುರಿದು ಅಂಗಳದ ನಡುವೆ ತಂದಿಟ್ಟೆ. ಮ್ಯಾಡಮ್ ಓಡಿ ಬಂದರು. “ಒಂದೇ ಪಾತ್ರೆಯಲ್ಲೇ? ಇದು ಆರೋಗ್ಯಕರವಲ್ಲ. ನಿಯಮಕ್ಕೂ ವಿರುದ್ಧ.”

“ಮ್ಯಾಡಮ್ಮಾರ, ನಿಯಮ ಉಂಡು ಹೊಟ್ಟಿ ತುಂಬೂದಿಲ್ಲರಿ. ನೀವು ಒಂದಿಷ್ಟು ಹೊತ್ತು ಸುಮ್ಮ ನಿಂದರ್ರಿ” ಎಂದೆ. ಪಾಪ, ನಿಂತರು.

ಮಕ್ಕಳು ಪರಾತದ ಸುತ್ತ ಬಂದು ಕುಳಿತವು. ಹುಡುಗಿಯೂ ಬಂದಳು. ಆದರೂ ಯಾರೂ ಕೈ ಹಾಕಲಿಲ್ಲ. ಇನ್ನೇನು ಬಂತಪ್ಪ ಎಂದು ನನ್ನ ತಾಳ್ಮೆ ಕೆಟ್ಟಿತು. ಅಷ್ಟರಲ್ಲಿ ಹುಡುಗಿ, ಬಂದ ಮೇಲೆ ಮೊದಲ ಸಲ ನನ್ನೊಂದಿಗೆ ಮಾತಾಡಿದಳು: “ಮೊದಲ ತುತ್ತು ಹಿರೇವ್ವ ತಗೋಬೇಕು. ಇಲ್ಲಿ ಹಿರೇವ್ವ ಯಾರು?”

ಮ್ಯಾಡಮ್ ನನ್ನನ್ನು ನೋಡಿದರು, ನಾನು ಮ್ಯಾಡಮ್ ಅವರನ್ನು. ಸಿಬ್ಬಂದಿ ಮಕ್ಕಳ ಊಟ ಉಣ್ಣಬಾರದು ಎನ್ನುವುದು ಇನ್ನೊಂದು ನಿಯಮ. ನಾನು ಸೆರಗು ಸಿಕ್ಕಿಸಿ ಕುಳಿತು ಮೊದಲ ತುತ್ತು ಬಾಯಿಗಿಟ್ಟೆ. ಆಮೇಲೆ ನೋಡಬೇಕಿತ್ತು. ಏಳು ಪುಟ್ಟ ಕೈಗಳು ಒಮ್ಮೆಗೇ ಪರಾತಕ್ಕೆ ಇಳಿದವು. ಸಣ್ಣದು ಬ್ಯಾಳಿಯನ್ನು ಮೊಣಕೈವರೆಗೆ ಬಳಿದುಕೊಂಡು ಉಂಡಿತು. ಹೊರಗೆ ಭಜನೆ ನಡೆದೇ ಇತ್ತು. ಒಳಗೆ ಮಕ್ಕಳು ಬಾಯಿ ತುಂಬ ಉಣ್ಣುವ ಸದ್ದಿನಲ್ಲಿ ನನಗದು ಕೇಳಲೇ ಇಲ್ಲ.

ಅಂದಿನಿಂದ ದಿನಕ್ಕೆರಡು ಸಲ ಅವರ ಜೊತೆ ಕುಳಿತು ಉಂಡೆ. ಉಣ್ಣುತ್ತ ಉಣ್ಣುತ್ತ ಹುಡುಗಿಯ ಬಾಯಿ ಬಿಚ್ಚಿತು. ಒಂದು ಪರಾತದಲ್ಲಿ ಉಂಡವರು ಒಬ್ಬರ ಮಾತನ್ನು ಒಬ್ಬರು ಹೊರಗೆ ಹಾಕಬಾರದು ಎಂಬುದು ಅವರ ಇನ್ನೊಂದು ಕಟ್ಟಳೆ. ಆ ಧೈರ್ಯದಲ್ಲಿ ಅವಳು ಎಲ್ಲ ಹೇಳಿದಳು. ಇಳಕಲ್ಲಿನಲ್ಲಿ ಸೀರೆ ನೇಯಲು ಹಾಕಿದ್ದಾರಂತೆ.

“ಕೆಂಪ ಸೆರಗಿಂದ್ರಿ. ನನಗಂತನ ಸಣ್ಣ ಅಳತೀದು. ದೊಡ್ಡದು ಉಟ್ಟರ ನಾ ಎಡವಿ ಬೀಳ್ತೇನಂತ.”

“ಮದುವಿ ಅಂದ್ರ ಏನಂತ ಗೊತ್ತೇನ ನಿನಗ?” ಎಂದೆ.

“ಅಜ್ಜಾರ ಕಾಲ ಒತ್ತೂದು. ಮತ್ತ ಕೈತುಂಬ ಬಳಿ. ಮತ್ತ ನನಗ ಬ್ಯಾರೆ ಖೋಲಿ ಕೊಡ್ತಾರ.” ಅಷ್ಟು ಹೇಳಿ ನಕ್ಕಳು. ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ ಇತ್ತು. ಆಮೇಲೆ ಅವಳ ಮುಖ ಗಂಟಿಕ್ಕಿಕೊಂಡಿತು. “ನಮ್ಮ ಮನಿ ಮಾತು ಹೊರಗ ಹಾಕಿದಾಕಿ ಯಾವಾಕ್ಯಾರ ಇರ್ಲಿ, ಅಕಿ ಸಾಯೂತನಕ ಬ್ಯಾರೆ ತಾಟಿನ್ಯಾಗ ಉಣ್ಣಲಿ!” ಎಂದು ನೆಲಕ್ಕೆ ಕೈ ಬಡಿದು ಶಾಪ ಹಾಕಿದಳು. ಉಳಿದ ಮಕ್ಕಳೂ ಕೈ ಬಡಿದವು. ಆ ಸಣ್ಣದಂತೂ ಏನೆಂದು ತಿಳಿಯದೆ ಮತ್ತೆ ಮತ್ತೆ ಬಡಿಯಿತು.

ಕೈ ತೊಳೆದವಳೇ ನೇರವಾಗಿ ಮ್ಯಾಡಮ್ ಕೋಣೆಗೆ ಹೋಗಿ ಕೇಳಿದ್ದನ್ನೆಲ್ಲ ಹೇಳಿದೆ. ಕಟ್ಟಳೆ ಮುರಿದೆ ಎಂದು ನನಗೆ ಇಂದಿಗೂ ಅನ್ನಿಸುವುದಿಲ್ಲ. ಅಂಥ ಕಟ್ಟಳೆಗೆ ಬೆಂಕಿ ಬೀಳಲಿ. ಆದರೆ ಮ್ಯಾಡಮ್ ತಲೆಯಲ್ಲಾಡಿಸಿದರು. “ನೀವು ಹೊರಗಿನವರು. ಕೋರ್ಟಿನಲ್ಲಿ ಹುಡುಗಿ ಹದಿನೆಂಟು ಎನ್ನುತ್ತಾಳೆ. ಡಾಕ್ಟರು ಮೂಳೆಯ ಚಿತ್ರ ನೋಡಿ ಹದಿನಾಲ್ಕರಿಂದ ಹದಿನೇಳು ಇರಬಹುದು ಎಂದಿದ್ದಾರೆ. ಹೆಚ್ಚು ಕಡಿಮೆ ಆಗುತ್ತದೆ ಎಂದು ವಕೀಲ ವಾದಿಸುತ್ತಾನೆ. ಅವಳನ್ನು ಹೆತ್ತವಳೇ ಬಂದು ಹೇಳಬೇಕು.”

ವಿಚಾರಣೆಯ ದಿನ ಬಂತು. ಮಕ್ಕಳನ್ನು ನಡೆಸಿಕೊಂಡೇ ಕೋರ್ಟಿಗೆ ಹೋದೆವು. ಅಜ್ಜ ಮೊದಲೇ ಬಂದು ಕುಳಿತಿದ್ದ. ಬಿಳೀ ಧೋತರ, ಬಿಳೀ ಗಡ್ಡ, ಮೆತ್ತನೆಯ ದನಿ. ಮ್ಯಾಡಮ್‌ಗೆ ಕೈ ಮುಗಿದು, “ನಮ್ಮ ಮಕ್ಕಳನ್ನ ಚೊಲೋ ನೋಡಿಕೊಂಡ್ರೆಲ್ಲ, ದೇವರು ನಿಮ್ಮನ್ನ ಸುಖವಾಗಿಡ್ಲಿ” ಎಂದು ಬಾಳೆಹಣ್ಣು ಕೊಡಲು ಬಂದ. ಆ ಮೆತ್ತನೆಯ ದನಿ ಕೇಳಿ ನನ್ನ ಮೈಯೆಲ್ಲ ಉರಿಯಿತು. ಹಣ್ಣನ್ನು ನಾನೇ ತೆಗೆದುಕೊಂಡು ಹೊರಗೆ ನಿಂತಿದ್ದ ಆಕಳಿಗೆ ಹಾಕಿ ಬಂದೆ.

ಸಮನ್ಸು ಮೂವರು ಅವ್ವಂದಿರಿಗೂ ಹೋಗಿತ್ತು. ಬಂದವರು ಇಬ್ಬರೇ. ಹಿರೇವ್ವ ಮತ್ತು ಕಿರಿಯವಳು ಒಂದೇ ಮಾತು ಹೇಳಿದರು, ಹದಿನೆಂಟು. ಅಪ್ಪನೂ ಅದನ್ನೇ ಹೇಳಿದ. ಹುಡುಗಿಯನ್ನು ಕೇಳಿದರು. “ಹದಿನೆಂಟು” ಎಂದಳು, ಹಿರೇವ್ವನನ್ನು ನೋಡಿಕೊಂಡು. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವರಿಗೂ ನಂಬಿಕೆ ಇರಲಿಲ್ಲ. ಆದರೆ ನಂಬದಿರಲು ಕೈಯಲ್ಲಿ ಏನೂ ಇರಲಿಲ್ಲ. ವಕೀಲ ಸಣ್ಣಗೆ ನಗುತ್ತ ತನ್ನ ಕಾಗದಗಳನ್ನು ಜೋಡಿಸಿಕೊಳ್ಳತೊಡಗಿದ. ನನ್ನ ಪಕ್ಕದಲ್ಲಿದ್ದ ಸಣ್ಣ ಕೂಸು, “ಈಗ ಮನೀಗೇನ್ರಿ?” ಎಂದು ಕೇಳಿತು. ನಾನು ಬಾಯಿ ಬಿಟ್ಟಿದ್ದರೆ ಕೋರ್ಟು ನನ್ನನ್ನೇ ಒಳಗೆ ಹಾಕುತ್ತಿತ್ತು.

ಆಗ ಬಾಗಿಲಲ್ಲಿ ಗದ್ದಲವಾಯಿತು. ಗುಡೂರಿನ ನರ್ಸಬಾಯಿ ಒಬ್ಬ ಹೆಂಗಸನ್ನು ರಟ್ಟೆ ಹಿಡಿದುಕೊಂಡು ಒಳಗೆ ಬಂದಳು. ಹೆಂಗಸಿನ ಕಾಲುಗಳು ಮೊಣಕಾಲವರೆಗೆ ಎರೆಮಣ್ಣಾಗಿದ್ದವು. ನೀರಿಗೆಂದು ಕೊಡ ಹಿಡಿದು ಹೊರಬಿದ್ದವಳು, ಕೊಡವನ್ನು ಹಳ್ಳದ ದಂಡೆಯಲ್ಲಿ ಬಿಟ್ಟು, ಹೊಲಗಳಲ್ಲೇ ನಡೆದು ಗುಡೂರು ಸೇರಿದ್ದಳು. ಅಲ್ಲಿಂದ ನರ್ಸು ಬಸ್ಸು ಹತ್ತಿಸಿಕೊಂಡು ಬಂದಿದ್ದಳು. ಮಕ್ಕಳು ಎದ್ದು ನಿಂತವು. ಮುಂದಿನ ಎರಡು ಹಲ್ಲುಗಳ ನಡುವೆ ಅದೇ ಸಂದಿ. ಯಾರೆಂದು ನನಗೆ ಯಾರೂ ಹೇಳಬೇಕಾಗಲಿಲ್ಲ.

ಅಜ್ಜ ಅವಳನ್ನು ನೋಡಿದ. ಅವಳು ಅವನ ಕಡೆ ಬೆನ್ನು ಮಾಡಿ ನಿಂತಳು. ದನಿ ಬಹಳ ಸಣ್ಣದು; ಮ್ಯಾಜಿಸ್ಟ್ರೇಟರು ಎರಡು ಸಲ “ಜೋರಾಗಿ ಹೇಳವಾ” ಎನ್ನಬೇಕಾಯಿತು.

“ಅಕಿ ಹುಟ್ಟಿದ್ದು ದೊಡ್ಡ ಬರಗಾಲದಾಗ್ರಿ. ಆಗ ನಾವಿನ್ನೂ ವಸ್ತಿಗೆ ಬಂದಿದ್ದಿಲ್ಲ. ಸರಕಾರದ ಕಾಮಗಾರಿಗೆ ಕಲ್ಲ ಒಡಿಯಾಕ ಹೋಗ್ತಿದ್ದೆ. ಅಲ್ಲೇ ಬ್ಯಾನಿ ತಿಂದು ಅಲ್ಲೇ ಹಡದೆ. ಸರಕಾರದ ಗಂಜಿ ಕುಡದು ಅಕೀಗೆ ಹಾಲು ಕುಡಿಸೀನ್ರಿ.”

ಮ್ಯಾಜಿಸ್ಟ್ರೇಟರು ನಮ್ಮ ಕಡೆಯವರೇ. ಆ ಬರ ಎಪ್ಪತ್ತೆರಡರದ್ದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಆ ಕೋಣೆಯಲ್ಲಿ ಯಾರಿಗೂ ಹೇಳಬೇಕಿರಲಿಲ್ಲ. ಲೆಕ್ಕ ಹಾಕಿದರೆ ಹುಡುಗಿಗೆ ಹದಿಮೂರು ತುಂಬಿರಲಿಲ್ಲ. ಎಕ್ಸ್‌ರೇಯ ಮೂಳೆಗಿಂತ ಆ ಗಂಜಿಯೇ ಗಟ್ಟಿ ಸಾಕ್ಷಿಯಾಯಿತು.

ವಕೀಲ ಎದ್ದ. “ಈ ಮಕ್ಕಳಿಗೆ ಮೂರು ಮಂದಿ ತಾಯಂದಿರು. ನೀನ ಹಡದೀ ಅನ್ನಾಕ ಏನ ಆಧಾರ?”

“ಮೂರು ಮಂದಿ ಅವ್ವಗೋಳ ಖರೆರಿ. ಬ್ಯಾನಿ ತಿಂದಾಕಿ ನಾ ಒಬ್ಬಾಕಿನ.”

“ಈ ಚಾಡಿ ಮಾತು ಸರಕಾರಕ್ಕ ಯಾರು ಮುಟ್ಟಿಸಿದ್ರು? ಯಾರ ನಿನಗ ದುಡ್ಡ ಕೊಟ್ಟು ಇಲ್ಲಿ ಕರಕೊಂಡ ಬಂದ್ರು?”

ಅವಳು ತಿರುಗಿ ಮಗಳನ್ನು ನೋಡಿದಳು. ಮಗಳನ್ನೇ ನೋಡುತ್ತ ಉತ್ತರ ಕೊಟ್ಟಳು. “ಯಾರೂ ಅಲ್ಲರಿ. ಕೂಸುಗಳಿಗೆ ಸೂಜಿ ಹಾಕಾಕ ಬಂದಿದ್ದ ಈ ನರ್ಸಬಾಯಿಗೆ ನಾನ ಹೇಳೀನಿ. ಹೊರಗ ಹಾಕಿದಾಕಿ ನಾನ.”

ಹುಡುಗಿಯ ಮುಖದಲ್ಲಿ ಏನಾಯಿತೆಂದು ನಾನು ಬರೆಯಲಾರೆ. ಅಂದು ಶಾಪ ಹಾಕಿ ನೆಲಕ್ಕೆ ಬಡಿದ ಕೈಯನ್ನು ಅವಳು ಲಂಗಕ್ಕೆ ಒರೆಸಿಕೊಂಡಳು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದಳು, ಮೊದಲ ದಿನ ತಾಟಿನ ಮುಂದೆ ತಿರುಗಿಸಿದ ಹಾಗೆ.

ಆದೇಶ ಅಂದೇ ಆಯಿತು. ಹುಡುಗಿ ಹದಿನೆಂಟು ತುಂಬುವವರೆಗೆ ಗೃಹದಲ್ಲೇ ಇರಬೇಕು. ಸಣ್ಣ ಮಕ್ಕಳು ಮನೆಗೆ ಹೋಗಬಹುದು, ಆದರೆ ಸಾಲಿಗೆ ಕಳಿಸಬೇಕು, ಮ್ಯಾಡಮ್ ಆಗಾಗ ಹೋಗಿ ನೋಡಬೇಕು. ಮುಂದಿನದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೂರು ಹೆಂಡಿರ ವಿಷಯಕ್ಕೆ ಕಾನೂನು ಏನೂ ಮಾಡಲಿಲ್ಲ, ಯಾವ ಹೆಂಡತಿಯೂ ದೂರು ಕೊಡಲಿಲ್ಲ. ಅಜ್ಜ ಸತ್ತ ಮೇಲೆ ವಸ್ತಿ ತಾನಾಗಿಯೇ ಕರಗಿತು. ಸಣ್ಣ ಕೂಸು ಗುಡೂರಿನ ಸಾಲಿಯಲ್ಲಿ ಕಲಿಯಿತು. ಹೆತ್ತವಳು ವಸ್ತಿಗೆ ತಿರುಗಿ ಹೋಗಲೇ ಇಲ್ಲ. ಇಳಕಲ್ಲಿನಲ್ಲಿ ನೇಕಾರರ ಮನೆಯಲ್ಲಿ ನೂಲು ಸುತ್ತಿ ಬದುಕಿದಳು. ಮ್ಯಾಡಮ್ ಮೈಸೂರು ಕಡೆಗೆ ವರ್ಗವಾಗಿ ಹೋಗುವಾಗ ನಮ್ಮ ಭಾಷೆಯಲ್ಲಿ ಬೈಯುವಷ್ಟು ಪಳಗಿದ್ದರು. ಆದರೆ ಇವೆಲ್ಲ ಆಮೇಲಿನ ಮಾತು. ಅಂದು ಮಧ್ಯಾಹ್ನ ಇವು ಯಾವುವೂ ನಮಗೆ ಗೊತ್ತಿರಲಿಲ್ಲ.

ಅಂದು ಮಧ್ಯಾಹ್ನ ಕೋರ್ಟಿನಿಂದ ಎಲ್ಲರೂ ಗೃಹಕ್ಕೇ ಬಂದೆವು. ಸಣ್ಣ ಮಕ್ಕಳು ಹೊರಡುವ ಮೊದಲು ಉಂಡು ಹೋಗಲಿ ಎಂದೆ. ಅವರನ್ನು ಕರೆದೊಯ್ಯಲು ಹಿರೇವ್ವ ಗೇಟಿನ ಆಚೆ ನಿಂತಿದ್ದಳು. ಒಳಗೆ ಬಾ ಎಂದರೆ ಬರಲಿಲ್ಲ, ಸರಳು ಹಿಡಿದು ನೋಡುತ್ತ ನಿಂತಳು. ಪರಾತ ತಂದು ಅಂಗಳದಲ್ಲಿ ಇಟ್ಟೆ. ಮಕ್ಕಳು ಸುತ್ತ ಕುಳಿತವು. “ನೀನೂ ಕುಂದರ ಬಾರವಾ” ಎಂದು ಹೆತ್ತವಳನ್ನು ಕರೆದೆ. ಬೆಳಗಿನಿಂದ ಅವಳ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಅವಳು ಪರಾತದ ಹತ್ತಿರ ಬರಲಿಲ್ಲ. ನಮ್ಮ ಸ್ಟೀಲಿನ ತಾಟುಗಳನ್ನು ಜೋಡಿಸಿಟ್ಟಲ್ಲಿಗೆ ಹೋಗಿ ತಾನೇ ಒಂದು ತಾಟು ತೆಗೆದುಕೊಂಡಳು. ನನ್ನ ಹತ್ತಿರ ಬಂದು ಒಡ್ಡಿದಳು. “ಇದರಾಗ ಹಾಕ್ರಿ. ನಾ ಹೊರಗ ಹಾಕಿದಾಕಿ” ಎಂದಳು.

ನಾನು ಬೈದೆ. ಹುಚ್ಚಿ ಏನೇ ನೀನು ಎಂದೆ. ಅವಳು ತಾಟು ಹಿಡಿದೇ ನಿಂತಿದ್ದಳು. ಕೊನೆಗೆ ಎರಡು ರೊಟ್ಟಿ ಹಾಕಿದೆ. ಪಡಸಾಲೆಯ ಮೂಲೆಗೆ ಹೋಗಿ, ಯಾರ ಮುಖವೂ ಕಾಣದ ಹಾಗೆ ಕುಳಿತಳು. ಮಕ್ಕಳು ಉಣ್ಣದೆ ಅವಳನ್ನೇ ನೋಡುತ್ತಿದ್ದವು. ನನಗೆ ಮೊದಲ ತುತ್ತು ಎತ್ತಲು ಕೈ ಬರಲಿಲ್ಲ.

ಹುಡುಗಿ ಎದ್ದಳು.

ಹೋಗಿ ಅವ್ವನ ಎದುರು ಕುಳಿತಳು. ಕಣ್ಣು ಕೆಂಪಾಗಿದ್ದವು, ಸಿಟ್ಟು ಇಳಿದಿರಲಿಲ್ಲ. ಇಬ್ಬರ ನಡುವೆ ಒಂದು ಸ್ಟೀಲಿನ ತಾಟು. ಅವ್ವ ಗಾಬರಿಯಿಂದ ತಾಟನ್ನು ತನ್ನ ಕಡೆ ಎಳೆದುಕೊಂಡಳು.

“ಬ್ಯಾಡ. ಇದರಾಗ ಕೈ ಹಾಕಬ್ಯಾಡ. ಹಿರೇವ್ವ ನೋಡಾಕತ್ತಾಳ.”

“ನೋಡ್ಲಿ.”

“ಕೂಸ...”

“ನಿನ್ನ ಕೂಡ ನಾ ಮಾತಾಡಂಗಿಲ್ಲ” ಎಂದಳು ಹುಡುಗಿ. ತಾಟನ್ನು ಮತ್ತೆ ನಡುವಿಗೆ ಎಳೆದಳು. “ಮೊದಲ ತುತ್ತು ತಗೋ. ನನಗ ಹಸದೈತಿ.”

ಅವ್ವ ಅಳುತ್ತಲೇ ರೊಟ್ಟಿ ಮುರಿದು ಬಾಯಿಗಿಟ್ಟಳು. ಆಮೇಲೆ ಹುಡುಗಿ ತಾಟಿಗೆ ಕೈ ಹಾಕಿದಳು.